ಶನಿವಾರ ತಿರುಗಿಸಿದ ಮುಳ್ಳು

ದಾನಮ್ಮನಿಗೆ ವಾಚು ಇರಲಿಲ್ಲ. ಪಿಯು ಮೊದಲ ವರ್ಷಕ್ಕೆ ನಮ್ಮ ಹಾಸ್ಟೆಲಿಗೆ ಬಂದ ದಿನ ಅವಳ ಹತ್ತಿರ ಒಂದು ತಗಡಿನ ಪೆಟ್ಟಿಗೆ, ಒಂದು ಚಾದರ, ಎರಡು ಸ್ಟೀಲಿನ ತಾಟು ಮತ್ತು ಅವಳ ಅವ್ವ ಕಟ್ಟಿಕೊಟ್ಟ ಐವತ್ತು ಕಟಕ್ ರೊಟ್ಟಿ ಇದ್ದವು. ವಾರ್ಡನ್ ಕಮಲಾಕ್ಷಿ ಅಕ್ಕಾರು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡು, ಕೈ ಚಾಚು ಅಂದರು. ಚಾಚಿದ ಕೈಯಲ್ಲಿ ಎರಡು ಹಸಿರು ಬಳೆ ಬಿಟ್ಟು ಏನೂ ಇರಲಿಲ್ಲ. ಎಂಟು ದಿನದೊಳಗೆ ವಾಚು ಕಟ್ಟಿಕೊಳ್ಳದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಅಕ್ಕಾರು ತಿಳಿಸಿದರು. ದಾನಮ್ಮ ಹೊರಗಿನವಳು, ಅವಳ ಅವ್ವ ಇಲ್ಲಿಂದ ನಲವತ್ತು ಮೈಲಿ ದೂರದಲ್ಲಿ ಒಂದು ಸಣ್ಣ ಖಾನಾವಳಿ ನಡೆಸುತ್ತಿದ್ದಳು. ಓದಲು ಬಂದವಳ ಹತ್ತಿರ ಪುಸ್ತಕ ಕೇಳದೆ ವಾಚು ಕೇಳುವ ಊರನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ನಮ್ಮ ಊರಿನಲ್ಲಿ ಹದಿಮೂರು ತುಂಬಿದ ಮಕ್ಕಳ ಕೈಗೆ ವಾಚು ಕಟ್ಟುತ್ತಾರೆ, ಇಪ್ಪತ್ತಕ್ಕೆ ಬಿಚ್ಚುತ್ತಾರೆ. ಆ ಏಳು ವರ್ಷ ವಾಚು ಪುರಸಭೆಯ ಗಡಿಯಾರದಂತೆ ನಡೆಯುವುದಿಲ್ಲ, ಕಟ್ಟಿಕೊಂಡವರಂತೆ ನಡೆಯುತ್ತದೆ. ಮಗು ನೆಟ್ಟಗಿದ್ದರೆ ವಾಚೂ ನೆಟ್ಟಗಿರುತ್ತದೆ. ಮನಸ್ಸು ಕುಸಿದರೆ ಮುಳ್ಳು ಹಿಂದೆ ಬೀಳುತ್ತದೆ, ಹೆದರಿಕೆ ಹತ್ತಿದರೆ ಮುಂದೆ ಓಡುತ್ತದೆ. ನಮ್ಮಲ್ಲಿ ಮೂರು ದಿನ ನೀರು ಕುಡಿದ ಹೊರಗಿನ ಮಕ್ಕಳಿಗೂ ಹೀಗೇ ಆಗುತ್ತದೆ. ಬೇರೆ ಊರುಗಳಲ್ಲಿ ಮಕ್ಕಳ ವಾಚು ಎಲ್ಲರ ವಾಚಿನ ಹಾಗೆಯೇ ನಡೆಯುತ್ತದಂತೆ. ಹಾಗಾದರೆ ಅಲ್ಲಿಯವರಿಗೆ ತಮ್ಮ ಮಕ್ಕಳ ವಿಷಯ ಹೇಗೆ ಗೊತ್ತಾಗುತ್ತದೆ ಎಂದು ನಾವು ಕನಿಕರಪಡುತ್ತಿದ್ದೆವು. ನಮಗೆ ಗೊತ್ತಾಗಿ ಏನು ಮಾಡಿದೆವು ಎಂಬುದು ಬೇರೆ ಮಾತು.

ಊರು ಇದಕ್ಕೆ ಹೊಂದಿಕೊಂಡಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಕಾಲೇಜು ಹುಡುಗರನ್ನು ಟೈಮ್ ಕೇಳುತ್ತಿರಲಿಲ್ಲ. ಪರೀಕ್ಷೆಯ ದಿನ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟು ಎಲ್ಲರ ವಾಚು ಅದರಲ್ಲಿ ಹಾಕಿಸುತ್ತಿದ್ದರು, ಯಾಕೆಂದರೆ ಒಂದು ವಾಚು ಓಡತೊಡಗಿದರೆ ಪಕ್ಕದ ಬೆಂಚಿನವರೂ ಗಾಬರಿಯಾಗುತ್ತಿದ್ದರು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಲೋಟ ಕೆಳಗಿಡುತ್ತ, ಹುಡುಗಿಯ ವಾಚು ಹೆಂಗ ನಡೀತಿತ್ತು ಎಂದು ಕೇಳುವುದಿತ್ತು. ಚೆನ್ನಾಗಿ ನಡೀತಿತ್ತು ಎಂದೇ ಎಲ್ಲರೂ ಹೇಳುತ್ತಿದ್ದರು. ಅದಕ್ಕಾಗಿಯೇ ನನ್ನ ಅಪ್ಪನಂಥವರ ಅಂಗಡಿ ನಡೆಯುತ್ತಿತ್ತು.

ಅಪ್ಪ ಮೌನೇಶಪ್ಪ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಒಂದೇ ಖೋಲಿ, ಅದೇ ಅಂಗಡಿ, ಅದೇ ಮನೆ. ಅವ್ವ ತೀರಿಕೊಂಡ ಮೇಲೆ ಅಲ್ಲಿ ಗಡಿಯಾರಗಳಿಗೂ ನನಗೂ ಜಾಗ ಸಾಲದೆ ನನ್ನನ್ನು ಹಾಸ್ಟೆಲಿಗೆ ಹಾಕಿದ. ಗಡಿಯಾರಗಳು ದುಡಿಯುತ್ತಿದ್ದವು, ನಾನು ದುಡಿಯುತ್ತಿರಲಿಲ್ಲ, ಆದ್ದರಿಂದ ನನಗೆ ಬೇಸರವೂ ಆಗಲಿಲ್ಲ. ರಜೆಯ ದಿನ ಹೋಗಿ ಅಂಗಡಿಯಲ್ಲಿ ಕೂತರೆ ತಾಯಿ ತಂದೆಯರು ಬರುತ್ತಿದ್ದರು. ಮಗನನ್ನು ಮನೆಯಲ್ಲಿ ಬಿಟ್ಟು ಮಗನ ವಾಚನ್ನು ತರುತ್ತಿದ್ದರು. ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚಿನ ಬೆನ್ನು ತೆರೆದು ನೋಡಿ, ಒಂದು ಹನಿ ಎಣ್ಣೆ ಹಾಕಿ, ಎಂಟು ದಿನ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ. ಮೊಳೆಯ ಮೇಲೆ ಅದು ಒಂದು ನಿಮಿಷವೂ ತಪ್ಪದೆ ನಡೆಯುತ್ತಿತ್ತು. ಒಯ್ದು ಮಗನ ಕೈಗೆ ಕಟ್ಟಿದರೆ ಮತ್ತೆ ಹಿಂದೆ ಬೀಳುತ್ತಿತ್ತು. ಅವರು ಮತ್ತೆ ತರುತ್ತಿದ್ದರು, ಅಪ್ಪ ಮತ್ತೆ ಎಣ್ಣೆ ಹಾಕುತ್ತಿದ್ದ. ವಾಚಿನಲ್ಲಿ ದೋಷವಿಲ್ಲ ಎಂದು ಅವನಿಗೆ ಗೊತ್ತಿತ್ತು. ಒಮ್ಮೆ ಒಬ್ಬ ಮೇಷ್ಟ್ರಿಗೆ ಹಾಗೆಂದು ಹೇಳಿದ್ದಕ್ಕೆ ಅವರು ಸಿಟ್ಟಾಗಿ ಎದುರಿನ ಅಂಗಡಿಗೆ ಹೋದರು. ಆಮೇಲೆ ಅಪ್ಪ ಯಾರಿಗೂ ಹೇಳಲಿಲ್ಲ.

ಅಂಗಡಿಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ರಿಪೇರಿಗೆ ಕೊಟ್ಟು ತಿರುಗಿ ಯಾರೂ ಒಯ್ಯದ ಹದಿನೈದು ವಾಚು ಅದರಲ್ಲಿದ್ದವು. ದಾನಮ್ಮನ ವಿಷಯ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದ. ಆಮೇಲೆ ಒಂದು ಸಣ್ಣ ಸ್ಟೀಲಿನ ವಾಚು ತೆಗೆದುಕೊಟ್ಟ, ಏಳರ ಅಂಕಿಯ ಹತ್ತಿರ ಗಾಜಿಗೆ ಗೀರು ಬಿದ್ದದ್ದು. ಅದನ್ನು ದಾನಮ್ಮನ ಕೈಗೆ ನಾನೇ ಕಟ್ಟಿದೆ. ಅವಳು ಕೈಯನ್ನು ಕಿವಿಗೆ ಹಚ್ಚಿ, ಇದರೊಳಗ ಒಂದು ಇಲಿ ಸಿಕ್ಕೊಂಡೈತಿ ಅಂದಳು.

ಮೊದಲ ವರ್ಷ ಪೂರ್ತಿ ಅವಳ ವಾಚು ಪುರಸಭೆಯ ಗಡಿಯಾರದ ಜೊತೆ ಹೆಜ್ಜೆ ತಪ್ಪದೆ ನಡೆಯಿತು. ಅವಳು ಕಮಲಾಕ್ಷಿ ಅಕ್ಕಾರಂತೆ ನಡೆದು ತೋರಿಸುತ್ತಿದ್ದಳು, ಅನ್ನದ ಡಬರಿಯ ಮುಚ್ಚಳ ತೆಗೆದು ಅವರಂತೆ ಮೂಗು ಅರಳಿಸುತ್ತಿದ್ದಳು. ಖಾನಾವಳಿಯಲ್ಲಿ ಬೆಳೆದದ್ದರಿಂದ ಬಾಯಲ್ಲೇ ಕೂಡಿಸುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಕಿರಾಣಿ ಅಂಗಡಿಯವ ಪೆನ್ಸಿಲ್ ಎತ್ತುವುದರೊಳಗೆ ಹದಿನೆಂಟು ಸಾಮಾನಿನ ಮೊತ್ತ ಹೇಳುತ್ತಿದ್ದಳು. ಗಣಿತ ಓದಿ ಲೆಕ್ಚರರ್ ಆಗುತ್ತೇನೆ ಅನ್ನುತ್ತಿದ್ದಳು. ಸೀಟು ಹೋದರೆ ಖಾನಾವಳಿಯ ಒಲೆಯ ಮುಂದೆ ರೊಟ್ಟಿ ಬಡಿಯುವುದು ಬಿಟ್ಟು ಬೇರೆ ದಾರಿ ಇಲ್ಲ ಎನ್ನುವುದನ್ನೂ ಅಷ್ಟೇ ಸಲೀಸಾಗಿ ಹೇಳುತ್ತಿದ್ದಳು.

ಹಾಸ್ಟೆಲಿನ ನಿಯಮ ಸರಳವಾಗಿತ್ತು. ಪ್ರತಿ ಶನಿವಾರ ಬೆಳಿಗ್ಗೆ ತಿಂಡಿಗೆ ಮುಂಚೆ ಅಕ್ಕಾರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾವು ಸಾಲಾಗಿ ನಿಂತು ಕೈ ತೋರಿಸಬೇಕು. ಪುರಸಭೆಯ ಗಡಿಯಾರಕ್ಕೂ ನಮ್ಮ ವಾಚಿಗೂ ವಾರದಲ್ಲಿ ಬಿದ್ದ ಅಂತರ ನೋಡಿ, ಸರಿ ಮಾಡಿಸಿ ಮುಂದಕ್ಕೆ ಕಳಿಸುತ್ತಿದ್ದರು. ಅಂತರ ಇಪ್ಪತ್ತು ನಿಮಿಷ ಮೀರಿದರೆ ಒಂದು ಚೀಟಿ. ಚೀಟಿ ಹಿಡಿದು ಸರ್ಕಾರಿ ಆಸ್ಪತ್ರೆಯ ಬುಧವಾರದ ಖೋಲಿಗೆ ಹೋಗಬೇಕು, ಅಲ್ಲಿ ಮನಸ್ಸಿನ ಡಾಕ್ಟರು ಕೂರುತ್ತಿದ್ದರು. ಅವರ ಸಹಿ ಇಲ್ಲದೆ ಮೂರು ಶನಿವಾರ ಕಳೆದರೆ ಸೀಟು ರದ್ದು. ನಿಯಮದಲ್ಲಿ ಎರಡು ಭಾಗ ಇದ್ದವು, ನಮಗೆ ಎರಡನೆಯದಷ್ಟೇ ನೆನಪಿರುತ್ತಿತ್ತು. ಬುಧವಾರದ ಖೋಲಿಯ ಎದುರಿಗೇ ಚಹಾದ ಅಂಗಡಿ ಇತ್ತು. ಆ ಖೋಲಿಗೆ ಹೋದವರ ಹೆಸರು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಹಿಂದಿನ ವರ್ಷ ಮೂವರು ಹುಡುಗಿಯರು ಚೀಟಿ ಹರಿದುಹಾಕಿ ಮನೆಗೆ ಹೋಗಿದ್ದರು.

ಎರಡನೇ ವರ್ಷದ ಆಗಸ್ಟಿನಲ್ಲಿ ದಾನಮ್ಮನ ವಾಚು ಒಂದು ವಾರಕ್ಕೆ ಆರು ನಿಮಿಷ ಹಿಂದೆ ಬಿತ್ತು. ಮರುವಾರ ಒಂಬತ್ತು, ಅದರ ಮರುವಾರ ಹದಿನಾಲ್ಕು. ನಾಲ್ಕನೇ ಶನಿವಾರ ಬೆಳಿಗ್ಗೆ ಅವಳು ಇನ್ನೂ ಮಲಗಿರುವಾಗಲೇ ನಾನು ಅವಳ ಕೈ ಎತ್ತಿ ನೋಡಿದೆ. ಇಪ್ಪತ್ತೆರಡು. ಪಕ್ಕದ ಚಾವಿಯನ್ನು ಉಗುರಿನಿಂದ ಎಳೆದು ಮುಳ್ಳನ್ನು ಮುಂದಕ್ಕೆ ತಿರುಗಿಸಿದೆ. ಗಡಿಯಾರದವನ ಮಗಳಿಗೆ ಅದು ಅರ್ಧ ನಿಮಿಷದ ಕೆಲಸ. ಪೂರ್ತಿ ಸರಿ ಮಾಡಿದರೆ ಅನುಮಾನ ಬರುತ್ತದೆಂದು ನಾಲ್ಕು ನಿಮಿಷ ಹಿಂದೆಯೇ ಬಿಡುವಷ್ಟು ಬುದ್ಧಿ ನನಗಿತ್ತು. ಅಕ್ಕಾರು ನೋಡಿ ಮುಂದೆ ಹೋಗು ಅಂದರು. ದಾನಮ್ಮ ನನ್ನ ಬೆರಳು ಅದುಮಿದಳು. ನನಗೆ ಹೆಮ್ಮೆ ಅನಿಸಿತು.

ಹೆಮ್ಮೆಯ ಜೊತೆ ಕುತೂಹಲವೂ ಇತ್ತು. ನಾನು ಹಾಸ್ಟೆಲಿನ ಲೈಬ್ರರಿಯಲ್ಲಿದ್ದ ಎರಡು ಕಪಾಟು ಪುಸ್ತಕ ಓದಿ ಮುಗಿಸಿ ಓದಲು ಏನೂ ಇಲ್ಲದೆ ಕೂತಿದ್ದವಳು. ಹುಡುಗಿಯರ ವಾಚುಗಳನ್ನು ಓದತೊಡಗಿದೆ. ನಮ್ಮ ಮಹಡಿಯಲ್ಲಿ ಕೈ ತೊಳೆದಷ್ಟೂ ಸಾಲದ ಒಬ್ಬಳಿದ್ದಳು, ಅವಳ ಮುಳ್ಳು ಒಂದು ನಿಮಿಷ ಮುಂದೆ ಹೋಗಿ ಮತ್ತೆ ಅದೇ ನಿಮಿಷಕ್ಕೆ ವಾಪಸು ಬರುತ್ತಿತ್ತು, ನಲ್ಲಿಯ ಹತ್ತಿರ ಹೋಗುವ ಅವಳ ಹಾಗೆಯೇ. ಕಾಲೇಜಿನ ಒಬ್ಬ ಹುಡುಗನ ವಾಚು ದಿನಾ ನಾಲ್ಕೂ ಹತ್ತಕ್ಕೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಹೊರಡುತ್ತಿತ್ತು. ಅವನ ಅಣ್ಣ ಬಾವಿಗೆ ಬಿದ್ದದ್ದು ಆ ಹೊತ್ತಿಗಂತೆ. ದಾನಮ್ಮನದು ಹಿಂದೆ ಬೀಳುವ ವಾಚು. ಪ್ರತಿ ಶನಿವಾರ ಎಷ್ಟು ಬಿದ್ದಿದೆ ಎಂಬುದನ್ನು ನಾನು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಇಪ್ಪತ್ತೊಂದು, ಇಪ್ಪತ್ನಾಲ್ಕು, ಇಪ್ಪತ್ತಾರು. ದಸರಾ ರಜೆಯಲ್ಲಿ ಊರಿಗೆ ಹೋಗಿ ಬಂದಳು, ಇಪ್ಪತ್ತೈದಕ್ಕೆ ಇಳಿಯಿತು, ಮತ್ತೆ ಮೂವತ್ತಮೂರಕ್ಕೆ ಏರಿತು. ಇಳಿದ ವಾರ ನಾನು ಖುಷಿಪಟ್ಟೆ. ಯಾಕೆ ಇಳಿಯಿತು ಎಂದು ಅವಳನ್ನು ಕೇಳಲಿಲ್ಲ.

ಕೇಳಬಹುದಾದ ವಿಷಯ ಬಹಳ ಇದ್ದವು. ಅವಳು ಅಕ್ಕಾರ ನಡಿಗೆ ಮಾಡಿ ತೋರಿಸುವುದನ್ನು ನಿಲ್ಲಿಸಿದ್ದಳು. ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ತಲೆ ಬಾಚಿ ನಾಲ್ಕು ದಿನ ಆಗಿರುತ್ತಿತ್ತು. ತಾಟಿನಲ್ಲಿ ಅರ್ಧ ಅನ್ನ ಬಿಡುತ್ತಿದ್ದಳು. ಕಿರಾಣಿ ಅಂಗಡಿಯಲ್ಲಿ ಇಪ್ಪತ್ತೇಳಕ್ಕೆ ಎಂಟು ಕೂಡಿಸುವಾಗ ತಡವರಿಸಿ, ಆಮೇಲೆ ತನಗೆ ಬರುವುದಿಲ್ಲವೆಂಬಂತೆ ಚೀಲ ನನ್ನ ಕೈಗೆ ಕೊಟ್ಟಳು. ಏನಾಗಿದೆ ಎಂದರೆ ಏನೂ ಇಲ್ಲ ಅನ್ನುತ್ತಿದ್ದಳು. ಆ ಉತ್ತರ ನನಗೆ ಅನುಕೂಲವಾಗಿತ್ತು. ಕೆಲವು ಹುಡುಗಿಯರು ಇವಳಿಗೆ ಸೋಮಾರಿತನ ಅಂದರು, ಕೆಲವರು ಪ್ರೀತಿ ಪ್ರೇಮ ಅಂದರು. ನಾನು ಏನೂ ಅನ್ನದೆ ವಾಚು ಸರಿಮಾಡುತ್ತಿದ್ದೆ.

ನವೆಂಬರಿನಲ್ಲಿ ನಮ್ಮ ಮಹಡಿಯ ಸುವರ್ಣಾ ಸಿಕ್ಕಿಬಿದ್ದಳು. ಅವಳದು ಮುಂದೆ ಓಡುವ ವಾಚು, ಬೇರೆ ಕೆಲವು ಹುಡುಗಿಯರಂತೆ ಮುಳ್ಳು ತಿರುಗಿಸುವುದನ್ನು ಕಲಿಯಲು ನನ್ನ ಹತ್ತಿರ ಬಂದಿರಲಿಲ್ಲ. ಇಪ್ಪತ್ತಾರು ನಿಮಿಷ ಮುಂದಿತ್ತು. ಅಕ್ಕಾರು ಚೀಟಿ ಬರೆದರು. ಅವಳು ಬುಧವಾರ ತಲೆಯ ಮೇಲೆ ಸೆರಗು ಎಳೆದುಕೊಂಡು ಹೋದಳು, ನಾವು ಮೇಲಿನಿಂದ ನೋಡಿ ನಕ್ಕೆವು. ಬಂದ ಮೇಲೆ ಡಾಕ್ಟರು ಏನು ಮಾಡಿದರು ಎಂದು ನಾನು ಬೆನ್ನು ಹತ್ತಿದೆ. ಡಾಕ್ಟರ ಹೆಸರು ಫಿಲೋಮಿನಾ. ಮೊದಲು ಅವಳ ಕೈಯಿಂದ ವಾಚು ಬಿಚ್ಚಿಸಿ ಡ್ರಾಯರಿನಲ್ಲಿ ಇಟ್ಟರಂತೆ. ಅದನ್ನು ನೋಡಲೇ ಇಲ್ಲವಂತೆ. ನಿದ್ದೆ ಹೇಗೆ, ಹೊಟ್ಟೆ ಹೇಗೆ, ಎದೆ ಯಾವಾಗ ಬಡಿದುಕೊಳ್ಳುತ್ತದೆ, ಆಗ ತಲೆಯಲ್ಲಿ ಏನು ಓಡುತ್ತದೆ ಎಂದು ಮುಕ್ಕಾಲು ಗಂಟೆ ಕೇಳಿದರಂತೆ. ಆಮೇಲೆ ಮಾತ್ರೆ ಕೊಡಲಿಲ್ಲ, ಒಂದು ಅಭ್ಯಾಸ ಕೊಟ್ಟರು. ಪರೀಕ್ಷೆ ನಡೆಯುವ ಹಾಲಿನ ಹೊರಗೆ ದಿನಾ ಐದು ನಿಮಿಷ ನಿಲ್ಲಬೇಕು. ಎದೆ ಬಡಿದುಕೊಂಡರೂ ಓಡಿಬರಬಾರದು, ಉಸಿರು ಎಣಿಸುತ್ತ ಅದು ತಾನಾಗಿ ಇಳಿಯುವವರೆಗೆ ನಿಲ್ಲಬೇಕು. ಮರುವಾರ ಹೊಸ್ತಿಲ ಮೇಲೆ. ಅದರ ಮರುವಾರ ಖಾಲಿ ಬೆಂಚಿನ ಮೇಲೆ. ಇದಕ್ಕೆ ಡಾಕ್ಟರು ಬೇಕಾ ಎಂದು ನಾವೆಲ್ಲ ನಕ್ಕೆವು. ಜನವರಿಯ ಹೊತ್ತಿಗೆ ಸುವರ್ಣಾಳ ವಾಚು ವಾರಕ್ಕೆ ಮೂರೇ ನಿಮಿಷ ಓಡುತ್ತಿತ್ತು. ನಾನು ಅದನ್ನೂ ಗುರುತು ಹಾಕಿಕೊಂಡೆ. ಅದೇ ಕಾಗದದ ಮೇಲೆ ಪಕ್ಕದ ಸಾಲಿನಲ್ಲಿ ಆ ವಾರ ದಾನಮ್ಮನದು ಅರವತ್ತೊಂದು. ಎರಡೂ ಅಂಕಿ ನನ್ನ ಕೈಬರಹದಲ್ಲೇ ಅಕ್ಕಪಕ್ಕ ಇದ್ದವು. ಒಂದನ್ನು ಓದಿ ಇನ್ನೊಂದನ್ನು ಯೋಚಿಸಲು ನನಗೆ ಇನ್ನೂ ಒಂದೂವರೆ ತಿಂಗಳು ಬೇಕಾಯಿತು.

ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ದಾನಮ್ಮ ಆ ದಿನ ತಲೆಗೆ ಸ್ನಾನ ಮಾಡಿದ್ದಳು, ಎಷ್ಟೋ ದಿನಗಳ ಮೇಲೆ ಮುಖ ಹಗುರಾಗಿತ್ತು. ಸುಧಾರಿಸಿದ್ದಾಳೆ ಅಂದುಕೊಂಡೆ. ಬೆಳಿಗ್ಗೆಯೇ ತನ್ನ ಕಂಪಾಸ್ ಪೆಟ್ಟಿಗೆಯನ್ನು ಪಕ್ಕದ ಖೋಲಿಯವಳಿಗೆ ಕೊಟ್ಟಿದ್ದಳು, ಸ್ಟೀಲಿನ ತಾಟೊಂದನ್ನು ಅಡುಗೆಯವಳಿಗೆ ಕೊಟ್ಟಿದ್ದಳು. ಈಗ ವಾಚು ಬಿಚ್ಚಿ ನನ್ನ ಕೈಯಲ್ಲಿಟ್ಟಳು.

"ಇದು ನಿಮ್ಮಪ್ಪಂದು. ನೀ ಇಟ್ಕೋ ಕಾಳಿ. ನನಗ ಇನ್ನ ಬೇಕಾಗೂದಿಲ್ಲ."

ಶನಿವಾರ ಅಕ್ಕಾರಿಗೆ ಏನು ತೋರಿಸುತ್ತೀ ಎಂದು ಕೇಳಿದೆ. ಶನಿವಾರದ್ದು ಶನಿವಾರಕ್ಕ ನೋಡಿದರಾತು ಎಂದು ಲಂಗದ ನೀರು ಹಿಂಡಿದಳು. ನನ್ನ ತಲೆಗೆ ಹೊಳೆದದ್ದು ಇಷ್ಟೇ, ವಾಚು ಕೆಟ್ಟಿರಬೇಕು. ಮರುದಿನ ಕಾಲೇಜು ಬಿಟ್ಟ ಮೇಲೆ ಅದನ್ನು ಅಪ್ಪನ ಅಂಗಡಿಗೆ ಒಯ್ದೆ. ಹುಡುಗಿಯನ್ನು ಹಾಸ್ಟೆಲಿನಲ್ಲಿ ಬಿಟ್ಟು ವಾಚನ್ನು ಒಯ್ದೆ.

ಅಪ್ಪ ಬೆನ್ನು ತೆರೆದು ಬಹಳ ಹೊತ್ತು ನೋಡಿದ. ಎಣ್ಣೆಯ ಬಾಟಲಿಗೆ ಕೈ ಹಾಕಿದವನು ಹಾಗೇ ನಿಲ್ಲಿಸಿದ. ಹಳೆಯ ವಾಚು, ಮುಳ್ಳು ತಿರುಗಿಸುವ ಹಲ್ಲು ನುಣ್ಣಗಾಗಿದೆ, ಬರೀ ಕಟ್ಟಿಕೊಳ್ಳುವುದರಿಂದ ಹೀಗೆ ಸವೆಯುವುದಿಲ್ಲ ಅಂದ. ಎಷ್ಟು ಸಲ ತಿರುಗಿಸಿದೆ ಎಂದು ಕೇಳಿದ. ಇಪ್ಪತ್ತಮೂರು ಶನಿವಾರ ಅಂದೆ. ಕಡೆಯ ಸಲ ಎಷ್ಟು? ಎಂಬತ್ತು ನಿಮಿಷ. ಈಗ ಯಾಕೆ ಬಿಚ್ಚಿಕೊಟ್ಟಳು? ಬೇಕಾಗುವುದಿಲ್ಲವಂತೆ. ತಾಟು, ಕಂಪಾಸ್ ಪೆಟ್ಟಿಗೆ ಕೊಟ್ಟದ್ದನ್ನೂ ಹೇಳಿದೆ. ಅಪ್ಪ ಕಣ್ಣಿನಿಂದ ಭೂತಗನ್ನಡಿ ತೆಗೆದ.

"ಆ ಡಬ್ಬಿಯಾಗ ಇನ್ನೂ ಹದಿನಾಲ್ಕು ವಾಚ್ ಅದಾವು," ಅಂದ. "ಯಾಕ ಯಾರೂ ಒಯ್ದಿಲ್ಲ ಅಂತ ಎಂದರ ಕೇಳೀ ಏನವ್ವಾ?"

ಕೇಳಿರಲಿಲ್ಲ.

"ಕೆಲವರು ಊರ ಬಿಟ್ರು. ಕೆಲವರು ಮರತ್ರು. ಐದು ಮಂದಿ ಮನ್ಯಾಗ ವಾಚ್ ಕಟ್ಟೂ ಕೈ ಉಳೀಲಿಲ್ಲ. ಆ ಐದಕ್ಕೂ ನಾನ ಎಣ್ಣಿ ಹಾಕಿದ್ದೆ. ಒಂದಕ್ಕ ನಾಕ ಸರತಿ."

ಆಮೇಲೆ ಅವನು ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಗಲಲ್ಲಿ, ಗಿರಾಕಿ ಎದುರು ನಿಂತಿರುವಾಗ, ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದ. ವಾಚು ಒಳಗೇ ಉಳಿಯಿತು. ಇಬ್ಬರೂ ಹಾಸ್ಟೆಲಿಗೆ ನಡೆದೆವು. ದಾರಿಯಲ್ಲಿ ಅಪ್ಪ ಒಂದೇ ಮಾತು ಹೇಳಿದ, ಅವಳನ್ನು ಒಬ್ಬಳನ್ನೇ ಬಿಡಬೇಡ. ಗೇಟಿನ ಒಳಗೆ ಗಂಡಸರಿಗೆ ಪ್ರವೇಶ ಇಲ್ಲದ್ದರಿಂದ ಕೈಯಲ್ಲಿ ಬೀಗದ ಕೈ ಹಿಡಿದು ಅಲ್ಲೇ ನಿಂತ.

ದಾನಮ್ಮ ಖೋಲಿಯಲ್ಲೇ ಇದ್ದಳು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸುವರ್ಣಾಳನ್ನು ಕರೆದು ಅವಳ ಹತ್ತಿರ ಕೂರಿಸಿ, ಕಪಾಟಿನ ಬಾಗಿಲಿನಿಂದ ಆ ಕಾಗದವನ್ನು ಕಿತ್ತು ಅಕ್ಕಾರ ಹತ್ತಿರ ಹೋದೆ. ಅವರು ತೊಗರಿಬೇಳೆ ಆರಿಸುತ್ತಿದ್ದರು. ಎಲ್ಲ ಹೇಳಿ ಕಾಗದ ಕೊಟ್ಟೆ. ನನ್ನ ಸೀಟೂ ಹೋಗುತ್ತದೆ ಎಂದು ಗೊತ್ತಿತ್ತು, ಅದರ ಬಗ್ಗೆ ದೊಡ್ಡ ಧೈರ್ಯವೇನೂ ಇರಲಿಲ್ಲ. ಅಕ್ಕಾರು ಕಾಗದವನ್ನು ಕಡೆಯವರೆಗೆ ಓದಿದರು.

"ಇಪ್ಪತ್ತು ನಿಮಿಷದ ನಿಯಮ ಮನಿಗೆ ಕಳಸಾಕ ಮಾಡಿದ್ದಲ್ಲ," ಅಂದರು. "ಚೀಟಿ ಕೊಡಾಕ ಮಾಡಿದ್ದು."

ಹೋದ ವರ್ಷ ಮೂವರನ್ನು ಮನೆಗೆ ಕಳಿಸಿದಿರಲ್ಲ ಎಂದೆ. ಅವರು ಮೊರವನ್ನು ಬದಿಗಿಟ್ಟು ಚಪ್ಪಲಿ ಮೆಟ್ಟಿದರು. ಅಂದು ಶುಕ್ರವಾರ, ಬುಧವಾರದ ತನಕ ಕಾಯುವುದು ಬೇಡ ಎಂದು, ಮನಸ್ಸಿನ ಡಾಕ್ಟರು ಉಳಿದ ದಿನ ಕೂರುವ ದೊಡ್ಡಾಸ್ಪತ್ರೆಗೆ ಫೋನ್ ಹಚ್ಚಿದರು, ಅಪ್ಪನನ್ನು ಆಟೋ ತರಲು ಕಳಿಸಿದರು. ದಾನಮ್ಮ ಬರುವುದಿಲ್ಲ ಎನ್ನಲೂ ಶಕ್ತಿ ಇಲ್ಲದವಳಂತೆ ಎದ್ದು ಬಂದಳು. ಆಟೋ ಹತ್ತುವಾಗ ನನ್ನನ್ನು ನೋಡಿ, "ನೀನ ಹೇಳಿದಿ," ಅಂದಳು. ಮುಂದೆ ಎರಡು ತಿಂಗಳು ಅವಳು ನನ್ನೊಂದಿಗೆ ಆಡಿದ ಮಾತು ಅದೊಂದೇ.

ಡಾಕ್ಟರ ಖೋಲಿಗೆ ಬಾಗಿಲಿರಲಿಲ್ಲ, ಹಸಿರು ಪರದೆ ಇತ್ತು. ಹೊರಗಿನ ಬೆಂಚಿನ ಮೇಲೆ ಕೂತ ನಮಗೆ ಕೇಳಿಸಬಾರದ್ದು ಕೇಳಿಸುತ್ತಿತ್ತು. ಫಿಲೋಮಿನಾ ಮೇಡಂ ಸುತ್ತಿ ಬಳಸಿ ಏನೂ ಕೇಳಲಿಲ್ಲ. ನಿದ್ದೆ, ಊಟ, ಓದು ಎಲ್ಲ ಕೇಳಿದ ಮೇಲೆ, "ಸಾಯಬೇಕು ಅಂತ ಅನಿಸ್ತದಾ?" ಎಂದು ಅದೇ ದನಿಯಲ್ಲಿ ಕೇಳಿದರು. ಅಂಥ ಮಾತು ಬಾಯಿಬಿಟ್ಟು ಕೇಳಿದರೆ ಇಲ್ಲದವರಿಗೂ ಬರುತ್ತದೆ ಎಂದು ನಮ್ಮ ಊರಿನಲ್ಲಿ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ದಾನಮ್ಮ ಬಹಳ ದಿನಗಳಿಂದ ಯಾರಾದರೂ ಕೇಳಲಿ ಎಂದು ಕಾದವಳಂತೆ ತಕ್ಷಣ ಹೇಳಿದಳು.

"ಹೌದ್ರಿ."

"ಯಾವಾಗಿಂದ?"

"ದೀಪಾವಳಿಯಿಂದ್ರಿ."

ದೀಪಾವಳಿಯ ವಾರದ ಅಂಕಿ ನನಗೆ ಬಾಯಿಪಾಠ ಇತ್ತು. ಮೂವತ್ತೆಂಟು. ಆ ಶನಿವಾರ ಮುಳ್ಳು ತಿರುಗಿಸಿ, ಅವಲಕ್ಕಿ ತಿನ್ನಲು ಹೋಗಿದ್ದೆ.

ಅವಳನ್ನು ಒಂಬತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಖಾನಾವಳಿಗೆ ಬಾಗಿಲು ಹಾಕಿ ಅವಳ ಅವ್ವ ಭಾಗವ್ವ ಬಂದಳು. ಬಂದವಳು ಡಾಕ್ಟರಿಗೇ ದಬಾಯಿಸಿದಳು. ಹೊಟ್ಟೆಗೆ ಕಡಿಮೆ ಮಾಡಿಲ್ಲ, ಬಟ್ಟೆಗೆ ಕಡಿಮೆ ಮಾಡಿಲ್ಲ, ಇವಳಿಗೆ ಈ ರೋಗ ಬಂದದ್ದು ಎಲ್ಲಿಂದ ಎಂದು. ಡಾಕ್ಟರು ಸಿಟ್ಟಾಗಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಆ ಕಾಯಿಲೆ ಎಲ್ಲಿಂದ ಬಂತು ಎಂದು ತಿಳಿದ ಮೇಲೆಯೇ ಔಷಧ ಕೊಡುತ್ತಾರಾ ಎಂದು ಕೇಳಿದರು. ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಎಷ್ಟೋ ಸಲ ರಕ್ತ ಕಡಿಮೆ ಇದ್ದರೆ, ಗಂಟಲಿನ ಗ್ರಂಥಿ ಸರಿಯಿಲ್ಲದಿದ್ದರೆ ಕೂಡ ವಾಚು ಹೀಗೇ ಹಿಂದೆ ಬೀಳುತ್ತದಂತೆ. ಇವಳದು ಅದಲ್ಲ, ಖಿನ್ನತೆ ಎಂದರು. ಪುಸ್ತಕದಲ್ಲಿ ಓದಿದ್ದ ಆ ಶಬ್ದ ಒಬ್ಬರ ಹೆಸರಿನ ಮುಂದೆ ಬರೆದದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಹಾಸ್ಟೆಲಿಗೆ ಮರಳಿದ ಮೇಲೆ ಮಾತ್ರೆಗಳನ್ನು ಅಕ್ಕಾರು ತಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟು ದಿನಕ್ಕೊಂದು ಕೊಡುತ್ತಿದ್ದರು. ಮೊದಲ ಮಾತ್ರೆಗೆ ಬಾಯಿ ಒಣಗಿ, ಹಗಲೆಲ್ಲ ತೂಕಡಿಕೆ ಬಂದು, ದಾನಮ್ಮ ನಿಲ್ಲಿಸಿಬಿಡುತ್ತೇನೆ ಅಂದಳು. ತಾನಾಗಿ ನಿಲ್ಲಿಸಬೇಡ, ಬಂದು ಹೇಳು ಎಂದು ಡಾಕ್ಟರು ಬೇರೆ ಮಾತ್ರೆಗೆ ಬದಲಿಸಿದರು. ಐದಾರು ವಾರ ಕಳೆದ ಮೇಲೆ ಅದು ಮೈಗೆ ಹಿಡಿಯಿತು. ಬುಧವಾರ ಮಾತಿನ ಚಿಕಿತ್ಸೆ. ತಿಂಗಳಿಗೊಮ್ಮೆ ಭಾಗವ್ವನೂ ಬಂದು ಮಗಳ ಪಕ್ಕದಲ್ಲಿ ಕೂರಬೇಕು. ಮಗಳು ಮಾತಾಡುವಾಗ ನಡುವೆ ಬಾಯಿ ಹಾಕದಿರುವುದೇ ಅವಳಿಗೆ ಕೊಟ್ಟ ಮನೆಗೆಲಸ. ಅದು ರೊಟ್ಟಿ ಬಡಿಯುವುದಕ್ಕಿಂತ ಕಷ್ಟ ಎಂದು ಅವಳು ಅಕ್ಕಾರ ಹತ್ತಿರ ಹೇಳಿಕೊಂಡಳು. ದಾನಮ್ಮನಿಗೆ ಕೊಟ್ಟದ್ದು ಇನ್ನೂ ಸಣ್ಣ ಕೆಲಸ. ಮನಸ್ಸಿದ್ದರೂ ಇಲ್ಲದಿದ್ದರೂ ಎಂಟರೊಳಗೆ ಸ್ನಾನ, ನೀರಿನ ಟ್ಯಾಂಕಿನವರೆಗೆ ನಡೆದು, ಜೊತೆಗಿದ್ದವರು 'ಬಾ' ಅಂದರೆ ವಾಪಸು, ದಿನಕ್ಕೆ ಒಂದೇ ಒಂದು ಲೆಕ್ಕ. ಟ್ಯಾಂಕಿನವರೆಗೆ ಅವಳ ಜೊತೆ ನಡೆಯುವುದು ನನ್ನ ಪಾಲಿಗೆ ಬಂದಿತ್ತು. ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. 'ಬಾ' ಎನ್ನುವುದನ್ನು ನಾನು ಗಾಳಿಗೆ ಹೇಳುತ್ತಿದ್ದೆ.

ಅವಳ ವಾಚು ಅಪ್ಪನ ಅಂಗಡಿಯಲ್ಲಿತ್ತು. ಕೈಗೆ ವಾಚಿಲ್ಲದ ಹುಡುಗಿ ಗುಣವಾಗುತ್ತಿದ್ದಾಳೋ ಇಲ್ಲವೋ ತಿಳಿಯುವುದು ಹೇಗೆ ಎಂದು ಅಕ್ಕಾರು ಚಡಪಡಿಸಿದರು. ಬುಧವಾರ ನಾನೇ ಡಾಕ್ಟರನ್ನು ಕೇಳಿದೆ.

"ಎಷ್ಟು ಹಿಂದೆ ಬಿದ್ದಿದೆ ಅಂತ ಮಾತ್ರ ವಾಚು ಹೇಳ್ತದೆ," ಎಂದರು. "ಉಳಿದದ್ದನ್ನು ಅವಳು ಹೇಳ್ಬೇಕು. ಇಪ್ಪತ್ತು ನಿಮಿಷ ಆಗೋ ತನಕ ಕಾಯೋದು ಯಾಕೆ? ಆರು ನಿಮಿಷ ಇರೋವಾಗ್ಲೇ ಕೇಳ್ಬಹುದಲ್ಲ."

ಆರು ನಿಮಿಷದ ಶನಿವಾರ ನಾನು ಏನು ಮಾಡಿದ್ದೆ ಎಂದು ನೆನಪಿಸಿಕೊಂಡೆ. ಪೆನ್ಸಿಲ್ ಚೂಪು ಮಾಡಿದ್ದೆ.

ನನ್ನ ಸೀಟು ಹೋಗಲಿಲ್ಲ. ಶಿಕ್ಷೆಯಾಗಿ ಅಕ್ಕಾರು ಒಂದು ವರ್ಷ ಶನಿವಾರದ ಕುರ್ಚಿಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಹಲ್ಲು ಸವೆದ ವಾಚನ್ನು ಮುಟ್ಟಿದರೆ ಗೊತ್ತಾಗುತ್ತಿತ್ತು, ತಿರುಗಿಸಿ ತಂದವರು ಮೊದಲ ತಿಂಗಳೇ ಏಳು ಮಂದಿ ಸಿಕ್ಕರು. ಎಲ್ಲರೂ ನನ್ನ ಹತ್ತಿರವೇ ಕಲಿತವರು. ಅವರಿಗೆ ಚೀಟಿ ಕೊಡುವಾಗ ಅಕ್ಕಾರು ಈಗ ಜೊತೆಗೆ ಹೋಗುತ್ತಿದ್ದರು, ಚಹಾದ ಅಂಗಡಿಯವರಿಗೆ ಮೊದಲು ತಮ್ಮ ಮುಖವೇ ಕಾಣುವ ಹಾಗೆ. ಅಪ್ಪ ಅಂಗಡಿಯ ಬಾಗಿಲಿಗೆ ಒಂದು ರಟ್ಟು ನೇತುಹಾಕಿದ, ಮಕ್ಕಳ ವಾಚಿಗೆ ಎಣ್ಣೆ ಹಾಕುವುದಿಲ್ಲ, ಮಗುವನ್ನು ಕರೆತನ್ನಿ ಎಂದು. ಅರ್ಧ ಗಿರಾಕಿ ಎದುರಿನ ಅಂಗಡಿಗೆ ಹೋದರು. ಉಳಿದವರಲ್ಲಿ ಕೆಲವರು ಕರೆತಂದರು.

ಮಾರ್ಚ್‌ನ ಪರೀಕ್ಷೆಗೆ ದಾನಮ್ಮ ಕೂರಲಿಲ್ಲ. ಡಾಕ್ಟರ ಕಾಗದದ ಮೇಲೆ ಸೀಟು ಉಳಿಯಿತು, ಮರುವರ್ಷ ಮತ್ತೆ ಅದೇ ಬೆಂಚು. ಏಪ್ರಿಲ್ ಕೊನೆಯ ಒಂದು ಸಂಜೆ ಟ್ಯಾಂಕಿನ ಕಟ್ಟೆಯ ಹತ್ತಿರ ಅವಳು ನಿಂತಳು. ನಾನೂ ಹತ್ತು ಹೆಜ್ಜೆ ಹಿಂದೆ ನಿಂತೆ.

"ಅಲ್ಲೇ ಯಾಕ ಕಂಬದಂಗ ನಿಂತೀ," ಅಂದಳು. "ಆ ಕಾಗದ ಎಲ್ಲೈತಿ?"

ಅಕ್ಕಾರು ತಿರುಗಿ ಕೊಟ್ಟಿದ್ದರು, ನನ್ನ ಪುಸ್ತಕದೊಳಗೇ ಇತ್ತು. ಕೊಟ್ಟೆ. ಅವಳು ಕಟ್ಟೆಯ ಮೇಲೆ ಕೂತು ಮಡಿಕೆ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡಳು. ಕೆಳಗೆ ನಾನು ಮೊತ್ತ ಬರೆದಿದ್ದೆ, ಹದಿನೇಳು ಗಂಟೆ ಐದು ನಿಮಿಷ ಎಂದು. ಅವಳ ಕಣ್ಣು ಅಂಕಿಗಳ ಮೇಲೆ ಕೆಳಕ್ಕೆ ಇಳಿಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಮೊದಲಿನಷ್ಟು ಬೇಗ ಅಲ್ಲ. ಒಂದು ಕಡೆ ನಿಂತು, ಹಿಂದೆ ಹೋಗಿ, ಮತ್ತೆ ಬಂದಳು.

"ಡಿಸೆಂಬರದಾಗ ಇಪ್ಪತ್ತು ಬಿಟ್ಟೀದಿ," ಅಂದಳು. "ಮೌನೇಶಪ್ಪ ಕಾಕಾಗ ಹೇಳ, ಮಗಳಿಗೆ ಕೂಡಸಾಕ ಬರೂದಿಲ್ಲ ಅಂತ."

ಪೆನ್ಸಿಲ್ ಕೇಳಿ ಇಸಿದುಕೊಂಡು ನನ್ನ ಮೊತ್ತಕ್ಕೆ ಅಡ್ಡಗೆರೆ ಹೊಡೆದು, ಕಳೆದದ್ದರ ಲೆಕ್ಕವನ್ನು ಕೆಳಗೆ ತಾನೇ ಬರೆದಳು. ಒಂದು ಪರೀಕ್ಷೆ. ಆರು ತಿಂಗಳು. ಇಪ್ಪತ್ತಮೂರು ಶನಿವಾರ. ಹದಿನೇಳು ತಾಸು ಇಪ್ಪತ್ತೈದು ನಿಮಿಷ.